ಅಜ್ಜನ ರಿವಾಲ್ವರ್: ಇಟ್ಟುಕೊಳ್ಳಬಹುದೇ, ಹಾರಿಸಬಹುದೇ?

ಖಂಡೇನವಮಿಯ ದಿನ ಗಡಿಸೀಮೆಯ ಮನೆಗಳಲ್ಲಿ ಕುಡುಗೋಲು, ಕೊಡಲಿ, ಕುಂಟೆ, ತಕ್ಕಡಿ, ಹೊಲಿಗೆಯಂತ್ರಗಳೊಡನೆ ಕೆಲವೆಡೆ ಇನ್ನೊಂದು ವಸ್ತುವೂ ಪೂಜೆಗೆ ಬರುವುದುಂಟು. ಅದು ತಾತನ ಕಾಲದ ಬಂದೂಕು ಅಥವಾ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ ಹಳೆಯ ರಿವಾಲ್ವರ್. ಅರಿಷಿಣ ಕುಂಕುಮ ಏರಿಸಿದ ಮೇಲೆ ಮನೆಯ ತರುಣರಲ್ಲಿ ಒಂದು ಆಸೆ ಮೂಡುವುದು ಸಹಜ. ಒಂದು ದಿನ ಇದನ್ನು ಹೊಲಕ್ಕೆ ಒಯ್ದು, ಬೇವಿನ ಮರಕ್ಕೆ ಹಲಗೆ ಕಟ್ಟಿ, ಗುರಿಯಿಟ್ಟು ನೋಡಿದರೇನು? ಅಮೆರಿಕದಂತಹ ದೇಶಗಳಲ್ಲಿ ಹಳೆಯ ರಿವಾಲ್ವರುಗಳನ್ನು ಹೊರತೆಗೆದು ದಿನವಿಡೀ ಗುರಿ ಹೊಡೆಯುವುದು ಸಾಮಾನ್ಯ ಹವ್ಯಾಸ. ನಮ್ಮಲ್ಲಿ ಅದೇ ಕೆಲಸ ಒಂದು ಕುಟುಂಬವನ್ನು ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲೇರಿಸಬಲ್ಲದು. ಆದರೆ ಕಾನೂನು ಎಲ್ಲ ಬಾಗಿಲುಗಳನ್ನೂ ಮುಚ್ಚಿಲ್ಲ. ಯಾವ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ತಿಳಿದಿರುವುದು ಅವಶ್ಯ.

ಆಯುಧಗಳನ್ನು ಕಂಡ ನೆಲ

ಉಮರಗಾ, ನಿಲಂಗಾ, ಉದಗೀರಗಳ ನೆಲಕ್ಕೆ ಮದ್ದುಗುಂಡಿನ ವಾಸನೆ ಹೊಸದಲ್ಲ. 1760ರಲ್ಲಿ ಉದಗೀರದ ಬಳಿ ಸದಾಶಿವರಾವ ಭಾವೂ ನೇತೃತ್ವದ ಮರಾಠಾ ಸೈನ್ಯವು ನಿಜಾಮನ ಸೈನ್ಯವನ್ನು ಸೋಲಿಸಿದಾಗ ಇಬ್ರಾಹಿಂ ಖಾನ್ ಗಾರ್ದಿಯ ತೋಪುಗಳು ನಿರ್ಣಾಯಕವಾಗಿದ್ದವು. ಮುಂದೆ ಈ ಮೂರೂ ತಾಲೂಕುಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಉದಗೀರ, ನಿಲಂಗಾಗಳು 1956ರವರೆಗೂ ಬೀದರ ಜಿಲ್ಲೆಯ ತಾಲೂಕುಗಳು. ಉಮರಗಾ ಅಂದಿನ ಉಸ್ಮಾನಾಬಾದ್ ಜಿಲ್ಲೆಗೆ ಸೇರಿತ್ತು.

ಸಂಸ್ಥಾನದ ಕೊನೆಯ ವರ್ಷಗಳು ಭಯದ ವರ್ಷಗಳು. ರಜಾಕಾರರ ಮುಖಂಡ ಕಾಸಿಂ ರಜ್ವಿ ಲಾತೂರಿನಲ್ಲಿ ವಕೀಲಿ ನಡೆಸಿದವನು. ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಈ ಭಾಗದ ಹಿರಿಯರು ಇಂದಿಗೂ ನೆನೆಯುತ್ತಾರೆ. ಅದೇ ವರ್ಷದ ಸೆಪ್ಟೆಂಬರ್ 13ರಂದು ಸೊಲ್ಲಾಪುರದ ಕಡೆಯಿಂದ ಹೊರಟ ಭಾರತೀಯ ಸೇನೆ ನಳದುರ್ಗದ ಬಳಿ ಬೋರಿ ನದಿಯ ಸೇತುವೆಯನ್ನು ವಶಪಡಿಸಿಕೊಂಡು, ಜಳಕೋಟವನ್ನು ದಾಟಿ, ಅಂದೇ ಮಧ್ಯಾಹ್ನ ಉಮರಗಾವನ್ನು ತಲುಪಿತು. ಐದನೆಯ ದಿನ, ಸೆಪ್ಟೆಂಬರ್ 17ರಂದು, ನಿಜಾಮನು ಶರಣಾದನು. ಗಡಿಯ ಈಚೆಗೆ ಮರಾಠವಾಡಾ ಮುಕ್ತಿಸಂಗ್ರಾಮ ದಿನವೆಂದೂ ಆಚೆಗೆ ಕಲ್ಯಾಣ ಕರ್ನಾಟಕ ಉತ್ಸವವೆಂದೂ ಆಚರಿಸುವುದು ಅದೇ ದಿನವನ್ನು.

ಇಂತಹ ಕಾಲವನ್ನು ಕಂಡ ಸೀಮೆಯಲ್ಲಿ ಊರರಕ್ಷಣೆ, ಬೆಳೆರಕ್ಷಣೆ, ವತನದ ಮಾನ ಎಂಬ ಕಾರಣಗಳಿಂದ ಮನೆತನಗಳಿಗೆ ಬಂದ ಆಯುಧಗಳು ಪೆಟ್ಟಿಗೆಯಲ್ಲಿ ಉಳಿದುಕೊಂಡಿದ್ದರೆ ಆಶ್ಚರ್ಯವಿಲ್ಲ. ಆಯುಧ ಉಳಿಯುತ್ತದೆ, ಅದರ ಕಾಗದ ಮಾತ್ರ ಒಂದೆರಡು ತಲೆಮಾರುಗಳಲ್ಲಿ ಕಳೆದುಹೋಗುತ್ತದೆ. ತೊಡಕು ಆರಂಭವಾಗುವುದು ಅಲ್ಲಿಂದಲೇ.

ರಿವಾಲ್ವರ್ ಎಂದರೇನು

ಪಿಸ್ತೂಲಿಗೂ ರಿವಾಲ್ವರಿಗೂ ಇರುವ ಭೇದ ಸರಳವಾದುದು. ರಿವಾಲ್ವರಿನಲ್ಲಿ ಗುಂಡುಗಳು ತಿರುಗುವ ಉರುಳೆಯೊಂದರ ಕೋಣೆಗಳಲ್ಲಿ ಕುಳಿತಿರುತ್ತವೆ, ಸಾಮಾನ್ಯವಾಗಿ ಆರು. ಕುದುರೆಯನ್ನು ಎಳೆದಾಗ ಅಥವಾ ಸುತ್ತಿಗೆಯನ್ನು ಹಿಂದಕ್ಕೆ ಮಡಿಸಿದಾಗ ಉರುಳೆ ಒಂದು ಹೆಜ್ಜೆ ತಿರುಗಿ, ಮುಂದಿನ ಗುಂಡು ನಳಿಗೆಯ ನೇರಕ್ಕೆ ಬರುತ್ತದೆ. ಸ್ಯಾಮ್ಯುಯೆಲ್ ಕೋಲ್ಟ್ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು 1836ರಲ್ಲಿ. ಭಾರತಕ್ಕೆ ಹೆಚ್ಚಾಗಿ ಬಂದವು ಬ್ರಿಟಿಷ್ ರಿವಾಲ್ವರುಗಳು. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿಯ .455 ಅಳತೆಯ ರಿವಾಲ್ವರನ್ನು ಬ್ರಿಟಿಷ್ ಸೇನೆ 1887ರಲ್ಲಿ ಅಂಗೀಕರಿಸಿತು; ಅದರ ಆರನೆಯ ಮಾದರಿ 1915ರಲ್ಲಿ ಬಂದಿತು. 1932ರಲ್ಲಿ ಅದಕ್ಕಿಂತ ಹಗುರವಾದ .38 ಅಳತೆಯ ಎನ್‌ಫೀಲ್ಡ್ ಸೇವೆಗೆ ಸೇರಿತು. ಇವುಗಳ ಮೇಲ್ಭಾಗದ ಕೊಂಡಿಯನ್ನು ಒತ್ತಿದರೆ ನಳಿಗೆ ಮುಂದಕ್ಕೆ ಮುರಿದಂತೆ ಬಾಗಿ, ಸುಟ್ಟ ಕಾಡತೂಸುಗಳೆಲ್ಲ ಒಮ್ಮೆಲೆ ಹೊರಚಿಮ್ಮುತ್ತವೆ. ನಾಗರಿಕರ ಕೈಗೆ ಬಂದದ್ದು ಹೆಚ್ಚಾಗಿ .32 ಅಳತೆಯದು. ಸ್ವಾತಂತ್ರ್ಯಾನಂತರ ಕಾನ್ಪುರದ ಸರಕಾರಿ ಕಾರ್ಖಾನೆಗಳು ತಯಾರಿಸಿದ್ದೂ ಅದೇ ಅಳತೆಯ ರಿವಾಲ್ವರನ್ನು. ಅದರ ಕಾಡತೂಸುಗಳು ಪುಣೆಯ ಖಡಕಿಯ ಮದ್ದುಗುಂಡು ಕಾರ್ಖಾನೆಯಿಂದ ಬರುತ್ತವೆ.

ಅಳತೆಯ ಈ ಅಂಕೆ ಕೇವಲ ತಾಂತ್ರಿಕ ವಿವರವಲ್ಲ. ಕಾನೂನು ಮೊದಲು ನೋಡುವುದು ಅದನ್ನೇ.

ಕಾನೂನಿನ ನಾಲ್ಕು ಪ್ರಶ್ನೆಗಳು

1959ರ ಆಯುಧ ಅಧಿನಿಯಮದ 3ನೆಯ ಕಲಮಿನಂತೆ ಪರವಾನಗಿಯಿಲ್ಲದೆ ಬಂದೂಕಾಗಲಿ ರಿವಾಲ್ವರಾಗಲಿ ಇಟ್ಟುಕೊಳ್ಳುವುದು ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ, ಐದು ವರ್ಷದವರೆಗಿನ ಸೆರೆವಾಸ ಮತ್ತು ದಂಡವಿದೆ. ಪೆಟ್ಟಿಗೆಯಲ್ಲಿ ಆಯುಧ ಸಿಕ್ಕ ಮನೆಯವರು ತಮ್ಮನ್ನು ತಾವೇ ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು.

ಮೊದಲನೆಯದು, ಅದರ ಅಳತೆ ಯಾವುದು? ಸೇನೆಯ .380 ಅಥವಾ .455 ಕಾಡತೂಸನ್ನು ಹಾರಿಸಬಲ್ಲ ರಿವಾಲ್ವರುಗಳು ಆಯುಧ ನಿಯಮಗಳ ಮೊದಲನೆಯ ವರ್ಗದಲ್ಲಿವೆ. ಜನರ ಬಾಯಲ್ಲಿ ಇವು 'ನಿಷೇಧಿತ ಬೋರ್'. ಇವುಗಳ ಪರವಾನಗಿ ಜಿಲ್ಲಾಧಿಕಾರಿಯ ಕೈಯಲ್ಲಿಲ್ಲ, ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದೆ. ಅಧಿನಿಯಮದ ಅರ್ಥದಲ್ಲಿ ಆಯುಧವು ನಿಷೇಧಿತವೆಂದು ತೀರ್ಮಾನವಾದರೆ ಶಿಕ್ಷೆ ಏಳರಿಂದ ಹದಿನಾಲ್ಕು ವರ್ಷ. ಆದುದರಿಂದ ತಾತನ ವೆಬ್ಲಿ .455 ಎಷ್ಟು ಸುಂದರವೋ ಅಷ್ಟೇ ಅಪಾಯಕಾರಿ. .32 ಅಳತೆಯ ರಿವಾಲ್ವರಿಗೆ ಈ ತೊಡಕಿಲ್ಲ.

ಎರಡನೆಯದು, ಅದು ಹಾರುವ ಸ್ಥಿತಿಯಲ್ಲಿದೆಯೇ? 45ನೆಯ ಕಲಮು ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ. ಆದರೆ ಅಲ್ಲೊಂದು ಷರತ್ತಿದೆ: ದುರಸ್ತಿ ಮಾಡದೆಯೂ, ಮಾಡಿಯೂ ಅದು ಬಂದೂಕಾಗಿ ಬಳಕೆಗೆ ಬರಬಾರದು. ತುಕ್ಕು ಹಿಡಿದಿದೆ ಎಂಬ ಒಂದೇ ಕಾರಣ ಸಾಲದು. ಹೊಸ ಸ್ಪ್ರಿಂಗ್ ಹಾಕಿದರೆ ಹಾರುವಂತಿದ್ದರೆ ಅದು ಕಾನೂನಿನ ಕಣ್ಣಿನಲ್ಲಿ ಬಂದೂಕೇ.

ಮೂರನೆಯದು, ಅದು ಅಪೂರ್ವ ಹಳೆಯ ವಸ್ತುವೇ? 2020ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ನಿಯಮಗಳನ್ನು ತಿದ್ದಿ, 'ಕ್ಯೂರಿಯೊ' ವರ್ಗಕ್ಕೆ ಸೇರುವ ಸಣ್ಣ ಆಯುಧಗಳನ್ನು ಭಾರತೀಯ ಪ್ರಜೆಗಳು ಪಡೆಯಲು, ಇಟ್ಟುಕೊಳ್ಳಲು ಪರವಾನಗಿ ಬೇಡವೆಂದಿತು. ಇದನ್ನು ಅರ್ಧ ಓದಿದವರು ಮೋಸಹೋಗುತ್ತಾರೆ. ಅದೇ ನಿಯಮದ ಉಳಿದರ್ಧದಲ್ಲಿ, ಅಂತಹ ಆಯುಧವನ್ನು ಬಳಸಲು, ಹೊತ್ತೊಯ್ಯಲು, ಸಾಗಿಸಲು ತಕ್ಕ ಪರವಾನಗಿ ಬೇಕೆಂದಿದೆ. ಪರವಾನಗಿಯಲ್ಲಿ ಆಯುಧ ನಮೂದಾಗದ ಹೊರತು ಅದಕ್ಕೆ ಕಾಡತೂಸು ಮಾರುವಂತಿಲ್ಲ. ಅಂದರೆ ಗೋಡೆಯ ಮೇಲಿರಬಹುದು, ಹೊಲಕ್ಕೆ ಒಯ್ಯುವಂತಿಲ್ಲ. ನಿಮ್ಮ ವಸ್ತು ಆ ವರ್ಗಕ್ಕೆ ಸೇರುವುದೆಂದು ನೀವೇ ತೀರ್ಪು ಕೊಟ್ಟುಕೊಳ್ಳದೆ, ಜಿಲ್ಲಾಧಿಕಾರಿ ಕಚೇರಿಯ ಆಯುಧ ಶಾಖೆಯಿಂದ ಲಿಖಿತವಾಗಿ ಪಡೆಯುವುದು ಕ್ಷೇಮ. ಉಮರಗಾದವರಿಗೆ ಅದು ಧಾರಾಶಿವದಲ್ಲಿದೆ. ನಿಲಂಗಾ, ಉದಗೀರದವರಿಗೆ ಲಾತೂರಿನಲ್ಲಿ.

ನಾಲ್ಕನೆಯದು, ಪರವಾನಗಿದಾರರು ಬದುಕಿದ್ದಾರೆಯೇ? ಪರವಾನಗಿ ವ್ಯಕ್ತಿಯದು, ಹೊಲಮನೆಯಂತೆ ವಾರಸಾಗಿ ಇಳಿದು ಬರುವುದಿಲ್ಲ. ಹಿರಿಯರು ತೀರಿಕೊಂಡ ಮೇಲೆ ಆಯುಧ ಮನೆಯಲ್ಲೇ ಉಳಿದರೆ ಅದು ಪರವಾನಗಿಯಿಲ್ಲದ ಆಯುಧವಾಗುತ್ತದೆ. 21ನೆಯ ಕಲಮಿನಂತೆ ಅದನ್ನು ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲಾಗಲಿ, ಪರವಾನಗಿ ಪಡೆದ ವ್ಯಾಪಾರಿಯಲ್ಲಾಗಲಿ ಠೇವಣಿಯಿಟ್ಟು ರಸೀದಿ ಪಡೆಯಬೇಕು. ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಪಡೆದು ನಿಗದಿತ ಅವಧಿಯೊಳಗೆ ಅದನ್ನು ಹಿಂಪಡೆಯಬಹುದು. ಈಗ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕುಗಳಿರುವಂತಿಲ್ಲ. ಮೊದಲು ಮೂರಕ್ಕೆ ಅವಕಾಶವಿತ್ತು. ವಾರಸಾಗಿ ಬಂದುದಕ್ಕೂ ಈ ಮಿತಿ ಅನ್ವಯಿಸುತ್ತದೆ. ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ.

ಗಡಿ ದಾಟುವಾಗ

ಇಲ್ಲಿನ ಕನ್ನಡ ಕುಟುಂಬಗಳಿಗೆ ಗಡಿ ಎಂಬುದು ದಿನನಿತ್ಯದ ದಾರಿ. ಉಮರಗಾದಿಂದ ಬಸವಕಲ್ಯಾಣಕ್ಕೆ ಮದುವೆಗೆ, ಆಳಂದಕ್ಕೆ ಜಾತ್ರೆಗೆ, ಉದಗೀರದಿಂದ ಬೀದರಿಗೆ ಆಸ್ಪತ್ರೆಗೆ ಹೋಗುವವರು ರಾಜ್ಯ ಬದಲಾದುದನ್ನು ಗಮನಿಸುವುದೂ ಇಲ್ಲ. ಆಯುಧದ ವಿಷಯದಲ್ಲಿ ಮಾತ್ರ ಈ ಮರೆವು ಸಲ್ಲದು. ಪ್ರತಿ ಪರವಾನಗಿಯಲ್ಲೂ ಅದು ಸಲ್ಲುವ ಪ್ರದೇಶ ಬರೆದಿರುತ್ತದೆ. ಮಹಾರಾಷ್ಟ್ರಕ್ಕೆ ಮಾತ್ರ ಸೀಮಿತವಾದ ಪರವಾನಗಿಯೊಡನೆ ಕರ್ನಾಟಕದ ಬೀಗರ ಮನೆಗೆ ರಿವಾಲ್ವರ್ ಒಯ್ದವರು ಗಡಿಕಲ್ಲು ದಾಟಿದ ಕ್ಷಣದಿಂದ ಆ ಪರವಾನಗಿಯ ರಕ್ಷಣೆಯನ್ನು ಕಳೆದುಕೊಳ್ಳುತ್ತಾರೆ. ಇನ್ನು ಮದುವೆಯ ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಗಾಳಿಯಲ್ಲಿ ಗುಂಡು ಹಾರಿಸುವುದು 2019ರಿಂದ ಪ್ರತ್ಯೇಕ ಅಪರಾಧ: ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಮೇಲೆ ಹೋದ ಗುಂಡು ಎಲ್ಲೋ ಇಳಿಯಲೇಬೇಕು; ಇಳಿಯುವ ಜಾಗ ಒಂದು ಮಗುವಿನ ತಲೆಯೂ ಆಗಬಹುದು.

ಗುರಿಯ ಅಂಗಳದಲ್ಲಿ ಒಂದು ದಿನ

ಹಾಗಾದರೆ ಸಮ್ಮತವಾದ ದಾರಿ ಯಾವುದು? ಪರವಾನಗಿಯಿರುವ .32 ರಿವಾಲ್ವರಿನ ಒಡೆಯರು ಮಾನ್ಯತೆ ಪಡೆದ ರೈಫಲ್ ಸಂಘದ ಸದಸ್ಯರಾಗಿ, ಅದರ ಅಂಗಳದಲ್ಲಿ ಗುರಿ ಹೊಡೆಯುವುದು. ಭಾರತೀಯ ರಾಷ್ಟ್ರೀಯ ರೈಫಲ್ ಸಂಘ 1951ರಲ್ಲಿ ಸ್ಥಾಪನೆಯಾಯಿತು. ಲೋಕಸಭೆಯ ಮೊದಲ ಸಭಾಪತಿ ಗ. ವಾ. ಮಾವಳಂಕರ ಅದರ ಸ್ಥಾಪಕ ಅಧ್ಯಕ್ಷರು. ಪುಣೆಯ ಬಾಲೇವಾಡಿಯಲ್ಲೂ ಹೈದರಾಬಾದಿನ ಗಚ್ಚಿಬೌಲಿಯಲ್ಲೂ ದೊಡ್ಡ ಅಂಗಳಗಳಿವೆ. ಹೈದರಾಬಾದಿಗೆ ಹೊರಟವರು ರಾಜ್ಯದ ಗಡಿಗಳ ಮಾತನ್ನು ನೆನಪಿಡಬೇಕು.

ಹಳೆಯ ಆಯುಧವನ್ನು ಒಯ್ಯುವ ಮೊದಲು ಪರವಾನಗಿ ಪಡೆದ ದುರಸ್ತಿಗಾರರಿಂದ ತೋರಿಸಿಕೊಳ್ಳಬೇಕು. ಉರುಳೆಯ ಪ್ರತಿ ಕೋಣೆಯೂ ನಳಿಗೆಯ ನೇರಕ್ಕೆ ನಿಲ್ಲುತ್ತದೆಯೇ? ಉರುಳೆ ಅಲುಗಾಡುತ್ತದೆಯೇ? ನಳಿಗೆಯಲ್ಲಿ ತುಕ್ಕಿನ ಗುಳಿಗಳಿವೆಯೇ? ಕೊಂಡಿ ಬಿಗಿಯಾಗಿದೆಯೇ? ಕೋಣೆ ಸರಿಯಾಗಿ ನಿಲ್ಲದಿದ್ದರೆ ಗುಂಡು ನಳಿಗೆಯ ಅಂಚನ್ನು ಕೆರೆದು, ಸೀಸದ ಚೂರುಗಳು ಪಕ್ಕಕ್ಕೆ ಸಿಡಿಯುತ್ತವೆ. ಕರಿಮದ್ದಿನ ಕಾಲಕ್ಕೆಂದು ಮಾಡಿದ ಆಯುಧ ಇಂದಿನ ಹೊಗೆರಹಿತ ಮದ್ದಿನ ಒತ್ತಡವನ್ನು ತಾಳದೆ ಸೀಳಬಹುದು. ದುರಸ್ತಿಗಾರ ಬೇಡವೆಂದರೆ ಬೇಡವೇ. ಅಲ್ಲಿ ವಾದಕ್ಕೆ ಎಡೆಯಿಲ್ಲ.

ಅಂಗಳದ ಶಿಸ್ತು ಶಾಲೆಯ ಶಿಸ್ತಿಗಿಂತ ಕಟ್ಟುನಿಟ್ಟು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ. ಆಜ್ಞೆಯಾಗುವವರೆಗೆ ಗುಂಡು ತುಂಬುವಂತಿಲ್ಲ. 'ನಿಲ್ಲಿಸಿ' ಎಂದೊಡನೆ ಬೆರಳು ಕುದುರೆಯಿಂದ ಹೊರಗೆ. ನಳಿಗೆ ಸದಾ ಗುರಿಯ ದಿಕ್ಕಿಗೇ. 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಯಲ್ಲಿ .32 ರಿವಾಲ್ವರಿಗೆ ಅವಕಾಶವಿದೆ. ಒಂದೇ ಕೈಯಲ್ಲಿ ಹಿಡಿದು ಅರವತ್ತು ಗುಂಡು: ಮೊದಲ ಮೂವತ್ತು ನಿಧಾನವಾಗಿ, ಐದು ಗುಂಡಿಗೆ ಐದು ನಿಮಿಷದಂತೆ, ಉಳಿದ ಮೂವತ್ತರಲ್ಲಿ ಗುರಿ ಮೂರು ಸೆಕೆಂಡು ಮಾತ್ರ ಮುಖ ತೋರಿ, ಏಳು ಸೆಕೆಂಡು ಮರೆಯಾಗುತ್ತದೆ. ನಿಧಾನದ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲ 50 ಮಿಲಿಮೀಟರ್. ಮೊದಲ ದಿನ ಗುಂಡು ಹಾಳೆಗೆ ತಾಗಿದರೂ ಸಾರ್ಥಕವೆನ್ನಿಸುವುದು. ಸಿನಿಮಾದ ನಾಯಕ ಓಡುತ್ತ ಹೊಡೆಯುವುದು ಎಷ್ಟು ಸುಳ್ಳೆಂಬುದು ಅಲ್ಲಿ ಹತ್ತು ನಿಮಿಷದಲ್ಲಿ ಮನದಟ್ಟಾಗುತ್ತದೆ.

ನಿಜವಾದ ಪುರಾತನ ರಿವಾಲ್ವರುಗಳಿಗೂ ಜಗತ್ತಿನಲ್ಲಿ ಸ್ಪರ್ಧೆಗಳಿವೆ. ಬಾಯಿಯಿಂದ ಮದ್ದು ತುಂಬುವ ಆಯುಧಗಳ ಅಂತರರಾಷ್ಟ್ರೀಯ ಸಮಿತಿ ನಡೆಸುವ ಪಂದ್ಯಗಳಲ್ಲಿ ಮೂವತ್ತು ನಿಮಿಷದಲ್ಲಿ ಹದಿಮೂರು ಗುಂಡು ಹಾರಿಸಿ, ಉತ್ತಮವಾದ ಹತ್ತನ್ನು ಮಾತ್ರ ಎಣಿಸುತ್ತಾರೆ. ಹಳೆಯ ಆಯುಧ ಕೆಲವೊಮ್ಮೆ ಮಾತು ಕೇಳದೆಂಬ ಅನುಭವವೇ ಆ ನಿಯಮದಲ್ಲಿ ಅಡಗಿದಂತಿದೆ.

ಕೊಡಗಿನ ಮಾದರಿ

ಕನ್ನಡನಾಡಿನಲ್ಲಿ ಆಯುಧ ಮತ್ತು ಸಂಸ್ಕೃತಿ ಬೆರೆತಿರುವ ಸೀಮೆ ಕೊಡಗು. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬದಲ್ಲಿ ಕೊಡವರು ಬಂದೂಕುಗಳನ್ನು ಪೂಜಿಸಿ, ತೆಂಗಿನಕಾಯಿಗೆ ಗುರಿಯಿಡುವ ಪಂದ್ಯಗಳನ್ನು ನಡೆಸುತ್ತಾರೆ. ಬ್ರಿಟಿಷರ ಕಾಲದಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೆ ಈ ವಿನಾಯಿತಿ ಆ ಸಮುದಾಯಕ್ಕೂ ಆ ಹಿಡುವಳಿಗೂ ಸೇರಿದ್ದು. ಕನ್ನಡಿಗರೆಂಬ ಕಾರಣಕ್ಕೆ ಮರಾಠವಾಡಾದ ಗಡಿಯಲ್ಲಿರುವವರಿಗೆ ಅದು ದಕ್ಕುವುದಿಲ್ಲ. ಅವರಿಂದ ಕಲಿಯಬಹುದಾದದ್ದು ಬೇರೆಯೇ: ಅಲ್ಲಿ ಗುಂಡು ಹೋಗುವುದು ತೆಂಗಿನಕಾಯಿಯ ಕಡೆಗೆ, ಎಲ್ಲರ ಎದುರಿಗೆ, ಹಿರಿಯರ ಕಣ್ಗಾವಲಿನಲ್ಲಿ.

ಮಕ್ಕಳ ಆಸೆಗೆ ದಾರಿ

ತಾತನ ರಿವಾಲ್ವರನ್ನು ಕಂಡು ಕಣ್ಣರಳಿಸುವ ಮಗುವಿಗೆ ಬೈದು ಪೆಟ್ಟಿಗೆ ಮುಚ್ಚುವುದಕ್ಕಿಂತ ಒಳ್ಳೆಯ ಉತ್ತರವಿದೆ. ಬಂದೂಕಿನ ಪರವಾನಗಿಗೆ ಇಪ್ಪತ್ತೊಂದು ವರ್ಷ ತುಂಬಬೇಕು. ಆದರೆ ಹನ್ನೆರಡು ದಾಟಿದವರು ಕಿರಿಯ ಗುರಿಕಾರರಾಗಿ, ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆಯಬಹುದು. 4.5 ಮಿಲಿಮೀಟರ್ ಅಳತೆಯ, 20 ಜೂಲ್ ಮೀರದ ಏರ್ ಪಿಸ್ತೂಲು, ಏರ್ ರೈಫಲುಗಳಿಗೆ ಪರವಾನಗಿ ಬೇಡ; ಎಳೆಯರ ಅಭ್ಯಾಸ ಆರಂಭವಾಗುವುದು ಅವುಗಳಿಂದಲೇ. ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ ಹತ್ತು ಅಂಕದ ವೃತ್ತದ ಅಗಲ ಕೇವಲ 11.5 ಮಿಲಿಮೀಟರ್, ಒಂದು ಅಂಗಿಯ ಗುಂಡಿಯಷ್ಟು.

ಇದು ದೊಡ್ಡ ನಗರದವರ ಆಟ ಮಾತ್ರವೆಂದು ತಿಳಿಯಬೇಕಿಲ್ಲ. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸಿನ 50 ಮೀಟರ್ ರೈಫಲ್ ತ್ರಿಭಂಗಿ ಸ್ಪರ್ಧೆಯಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೊಲ್ಹಾಪುರ ಜಿಲ್ಲೆಯ ಕಾಂಬಳವಾಡಿಯೆಂಬ ಹಳ್ಳಿಯವರು. ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರಾಗಿ ದುಡಿದವರು. ಅದೇ ಕೊಲ್ಹಾಪುರದ ತೇಜಸ್ವಿನಿ ಸಾವಂತ 2010ರಲ್ಲಿ ವಿಶ್ವ ಚಾಂಪಿಯನ್ ಆದರು. ರಾಹಿ ಸರನೋಬತ್ 2018ರ ಏಷ್ಯನ್ ಕ್ರೀಡಾಕೂಟದಲ್ಲಿ 25 ಮೀಟರ್ ಪಿಸ್ತೂಲಿನ ಚಿನ್ನ ಗೆದ್ದರು. ಕೊಲ್ಹಾಪುರದ ಹಳ್ಳಿಗೆ ಸಾಧ್ಯವಾದದ್ದು ಉದಗೀರದ ಹಳ್ಳಿಗೆ ಅಸಾಧ್ಯವಲ್ಲ.

ಮುಂದಿನ ಖಂಡೇನವಮಿಗೆ ಮುನ್ನ ಪ್ರತಿ ಮನೆಯವರು ಒಂದು ಕೆಲಸ ಮಾಡಲಿ. ಪೆಟ್ಟಿಗೆ ತೆರೆದು ಆಯುಧಕ್ಕಿಂತ ಮೊದಲು ಅದರ ಕಾಗದವನ್ನು ಹುಡುಕಲಿ. ಪರವಾನಗಿ ಯಾರ ಹೆಸರಿನಲ್ಲಿದೆ, ಅವಧಿ ಮುಗಿದಿದೆಯೇ, ವಿಶಿಷ್ಟ ಗುರುತಿನ ಸಂಖ್ಯೆ ಇದೆಯೇ, ಯಾವ ಪ್ರದೇಶಕ್ಕೆ ಸಲ್ಲುತ್ತದೆ ಎಂಬುದನ್ನು ಓದಲಿ. ಕಾಗದ ಸಿಗದಿದ್ದರೆ ವಕೀಲರ ಸಲಹೆ ಪಡೆದು, ತಾವಾಗಿಯೇ ಠಾಣೆಗೆ ತಿಳಿಸಿ, ಠೇವಣಿಯ ರಸೀದಿ ಪಡೆಯಲಿ. ಸ್ವತಃ ಮುಂದೆ ಬಂದು ಒಪ್ಪಿಸಿದವರ ಪ್ರಾಮಾಣಿಕತೆಗೆ ಆ ರಸೀದಿಯೇ ಸಾಕ್ಷಿ; ಜಪ್ತಿಯಲ್ಲಿ ಸಿಕ್ಕವರಿಗೆ ಅಂತಹ ಸಾಕ್ಷಿಯಿರುವುದಿಲ್ಲ. ಆಯುಧ ಮನೆಯಿಂದ ಹೋದರೂ ತಾತನ ನೆನಪು ಹೋಗುವುದಿಲ್ಲ. ಅದೇ ಪೆಟ್ಟಿಗೆಯ ಕಾರಣದಿಂದ ಮೊಮ್ಮಗ ಜೈಲಿಗೆ ಹೋದರೆ ಆ ನೆನಪಿಗೂ ಕಳಂಕ ತಪ್ಪದು.