ಕಾರಿನೊಳಗೆ ಸಿಹಿ ವಾಸನೆಯೇ? ಎಚ್ಚರ!

ವಿದ್ಯಾರ್ಥಿಗಳೇ, ಬುಧಗಾಂವದಿಂದ ಸಾಂಗಲಿಗೆ ಹಳೆಯ ಕಾರಿನಲ್ಲಿ ಹೊರಟಿದ್ದೀರಿ ಅಂದುಕೊಳ್ಳಿ. ಮುಂದಿನ ಗಾಜಿಗೆ ಒಳಗಿನಿಂದ ಮಂಜು ಹಿಡೀತು. ಒರೆಸಿದರೆ ಬಟ್ಟೆಗೆ ಜಿಗುಟು, ಮೂಗಿಗೆ ಸಿಹಿ ವಾಸನೆ, ಕಾಲಡಿಯ ಮ್ಯಾಟ್ ಒದ್ದೆ. ಇದು ಬರೀ ಮಳೆನೀರಲ್ಲ. ಹೀಟರ್ ಕೋರ್ ಸೋರುತ್ತಿರಬಹುದು.

ಏನದು? ಡ್ಯಾಶ್‌ಬೋರ್ಡ್ ಹಿಂದಿರುವ ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿ ಕೂಲಂಟ್ ಅದರ ಸಣ್ಣ ಕೊಳವೆಗಳಲ್ಲಿ ಹರಿದು, ಫ್ಯಾನಿನ ಗಾಳಿಗೆ ಶಾಖ ಕೊಡುತ್ತದೆ. ವರ್ಷಗಟ್ಟಲೆ ಕೂಲಂಟ್ ಬದಲಿಸದಿದ್ದರೆ ಅದರ ತುಕ್ಕು ತಡೆಯುವ ಗುಣ ಕುಂದಿ, ಕೊಳವೆ ತೂತಾಗುತ್ತದೆ.

ನಮ್ಮ ಕಡೆ ಹೀಟರ್ ಯಾರಿಗೆ ಬೇಕು ಅಂತೀರಾ? ಹೀಟರ್ ಬಂದ್ ಇದ್ದರೂ ಅನೇಕ ಕಾರುಗಳಲ್ಲಿ ಕೂಲಂಟ್ ಅದರೊಳಗೆ ಹರಿಯುತ್ತಲೇ ಇರುತ್ತದೆ. ಸೋರಿ ಖಾಲಿಯಾದರೆ ಎಂಜಿನ್ ಕಾದು ಕೆಡುತ್ತದೆ. ಅದಕ್ಕೇ ಕೆಲವು ಮಿಸ್ತ್ರಿಗಳು ಕೋರ್‌ಗೆ ಹೋಗುವ, ಬರುವ ಪೈಪುಗಳನ್ನು ಒಂದಕ್ಕೊಂದು ಜೋಡಿಸಿ ತಾತ್ಕಾಲಿಕವಾಗಿ ಗಾಡಿ ಓಡಿಸುತ್ತಾರೆ. ಹೊಸ ಕೋರ್ ಹಾಕೋದೇ ನಿಜವಾದ ರಿಪೇರಿ.

ಎರಡು ಮಾತು ನೆನಪಿಡಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಕುಕ್ಕರಿನಂತೆ ಅಲ್ಲೂ ಒತ್ತಡವಿರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದು. ಮುಚ್ಚಳ ತೆಗೆದರೆ ಒಮ್ಮೆಲೇ ಕುದ್ದು ಮೈಮೇಲೆ ಚಿಮ್ಮುತ್ತದೆ. ಇನ್ನು, ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ನೆಲಕ್ಕೆ ಚೆಲ್ಲಿದ್ದನ್ನು ನಾಯಿ ನೆಕ್ಕುವ ಮೊದಲೇ ಒರೆಸಿಸಿ.