ಕಂಪ್ಯೂಟರ್‌ಗೆ ವಯಸ್ಸಾಯ್ತು: ರಿಪೇರಿಯೋ, ಹೊಸದೋ?



ಕಿಣತ್ತುಕಡವಿನ ಒಂದು ಮನೆ ಅಂತ ಇಟ್ಟುಕೊಳ್ಳಿ. ಹೊರಗೆ ತಮಿಳು, ಮನೆಯೊಳಗೆ ಕನ್ನಡ. ಹಜಾರದ ಮೇಜಿನ ಮೇಲೆ 2014ರಲ್ಲಿ ಕೊಂಡ ಆಲ್-ಇನ್-ಒನ್ ಕಂಪ್ಯೂಟರ್ ಇದೆ. ಪರದೆ, ಸ್ಪೀಕರ್, ಪ್ರೊಸೆಸರ್, ಡಿಸ್ಕ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಅಪ್ಪ ತೆಂಗಿನಕಾಯಿ ಲೆಕ್ಕ ಬರೆಯೋದು ಅದರಲ್ಲೇ, ಮಗಳು ಪಾಠ ಓದೋದು ಅದರಲ್ಲೇ. ಅಜ್ಜಿ ಹೇಳಿಕೊಟ್ಟ ಸೋಬಾನೆ ಹಾಡುಗಳನ್ನು ಟೈಪ್ ಮಾಡಿ ಇಟ್ಟಿರೋದೂ ಅದರಲ್ಲೇ. ಅಜ್ಜಿ ಈಗ ಇಲ್ಲ.

ಈಚೆಗೆ ಅದು ಆನ್ ಆಗೋಕೆ ಐದು ನಿಮಿಷ ಬೇಕು. ಕರೆಂಟ್ ಹೋಗಿ ಬಂದರೆ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿರುತ್ತೆ.

“ಹೊಸದು ತಗೊಳ್ಳೋಣಪ್ಪ” ಅಂತಾಳೆ ಮಗಳು.

“ಬಾವಿ ಮೋಟಾರು ಸುಟ್ಟರೆ ಬಿಸಾಕ್ತೀವಾ? ವೈಂಡಿಂಗ್ ಮಾಡಿಸ್ತೀವಲ್ಲ!” ಅಂತಾರೆ ಅಪ್ಪ.

ಯಾರ ಮಾತು ಸರಿ? ಪರೀಕ್ಷೆ ಮಾಡಿ ನೋಡೋಣ.

ರೋಗ ಯಾವುದು?

ತಾರೀಖು ತಪ್ಪೋದಕ್ಕೆ ಕಾರಣ ಸಾಮಾನ್ಯವಾಗಿ ಒಳಗಿರುವ 3 ವೋಲ್ಟಿನ ಗುಂಡಿ ಬ್ಯಾಟರಿ. ಕರೆಂಟ್ ಇಲ್ಲದಾಗಲೂ ಗಡಿಯಾರ ನಡೆಸುವುದು ಅದರ ಕೆಲಸ. ಅದು ಖಾಲಿಯಾದರೆ ತಾರೀಖು ತಪ್ಪುತ್ತೆ. ತಾರೀಖು ತಪ್ಪಾದರೆ ಅನೇಕ ಜಾಲತಾಣಗಳು ‘ಸುರಕ್ಷಿತವಲ್ಲ’ ಎಂದು ತೆರೆಯುವುದೇ ಇಲ್ಲ. ಬ್ಯಾಟರಿ ಬದಲಿಸಿದರೆ ಈ ತೊಂದರೆ ಮುಗೀತು.

ನಿಧಾನಕ್ಕೆ ಕಾರಣ ಬೇರೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತೆ. ಡಿಸ್ಕ್ ಸದಾ 100% ತೋರಿಸಿದರೆ ತೊಂದರೆ ಹೆಚ್ಚಾಗಿ ಅಲ್ಲಿದೆ. ಮೆಮೊರಿ ಯಾವಾಗಲೂ ತುಂಬಿದ್ದರೆ ರ‍್ಯಾಮ್ ಸಾಲದು.

ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ತಟ್ಟೆ ತಿರುಗುತ್ತೆ. ನಿಮಿಷಕ್ಕೆ 5400 ಸುತ್ತು ಅಂದರೆ ಸೆಕೆಂಡಿಗೆ 90 ಸುತ್ತು. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಸೂಜಿ ಸರಿಯಾದ ಜಾಗಕ್ಕೆ ಸರಿಯೋಕೆ ಇನ್ನಷ್ಟು ಹೊತ್ತು. ಆನ್ ಮಾಡುವಾಗ ಸಾವಿರಾರು ಸಣ್ಣ ಫೈಲುಗಳನ್ನು ಓದಬೇಕಲ್ಲ, ಕಾಯುವಿಕೆ ಕೂಡುತ್ತಾ ಹೋಗುತ್ತೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಆದ್ದರಿಂದ ಡಿಸ್ಕ್ ಒಂದನ್ನೇ ಬದಲಿಸಿದರೂ ಹಳೆಯ ಯಂತ್ರ ಚುರುಕಾಗುತ್ತೆ.

ವಿಂಡೋಸ್ ಗತಿ?

ಇಲ್ಲಿ ಮಗಳ ಮಾತಿಗೂ ತೂಕ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಹೊಸ ಪೀಳಿಗೆಯ ಪ್ರೊಸೆಸರ್ ಬೇಕು. 2014ರ ಪ್ರೊಸೆಸರ್ ಆ ಪಟ್ಟಿಯಲ್ಲಿಲ್ಲ. ಯಂತ್ರ ನಡೆಯುತ್ತೆ, ಆದರೆ ಹೊಸ ವೈರಸ್‌ಗಳ ವಿರುದ್ಧ ಕಾವಲು ಸಡಿಲ.

ಇನ್ನೊಂದು ದಾರಿ ಲಿನಕ್ಸ್. ಇದು ಉಚಿತ, ಹಳೆಯ ಯಂತ್ರದಲ್ಲೂ ನಡೆಯುತ್ತೆ. ಕೇರಳದ ಶಾಲೆಗಳಲ್ಲಿ ವರ್ಷಗಳಿಂದ ಲಿನಕ್ಸ್ ಬಳಕೆಯಲ್ಲಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ.

ಹೊಸದು ಯಾವಾಗ?

ಪರದೆಯೋ ಮದರ್‌ಬೋರ್ಡೋ ಕೆಟ್ಟರೆ ರಿಪೇರಿ ಖರ್ಚು ಹೊಸದರ ಬೆಲೆಯ ಹತ್ತಿರ ಬರಬಹುದು. ಆಗ ಹೊಸದೇ ಲೇಸು. ಆಲ್-ಇನ್-ಒನ್‌ನ ದೊಡ್ಡ ಕೊರತೆ ಅದೇ: ಒಳಗಿನ ಬೋರ್ಡ್ ಕೆಟ್ಟರೆ ಚೆನ್ನಾಗಿರುವ ಪರದೆಯೂ ಅದರ ಜೊತೆ ಮೂಲೆಗೆ. ಹೊರಗಿನ ಯಂತ್ರವನ್ನು ಜೋಡಿಸುವ ‘ಎಚ್‌ಡಿಎಂಐ ಇನ್’ ಕಿಂಡಿ ಇದ್ದರೆ ಮಾತ್ರ ಆ ಪರದೆ ಸುಲಭವಾಗಿ ಉಳಿಯುತ್ತೆ. ‘ಔಟ್’ ಕಿಂಡಿಯೂ ನೋಡಲು ಹಾಗೇ ಇರುತ್ತೆ, ಓದಿ ನೋಡಿ. ಮುಂದೆ ಕೊಳ್ಳುವಾಗ ಪರದೆ ಬೇರೆ, ಪುಟ್ಟ ಸಿಪಿಯು ಬೇರೆ ಇದ್ದರೆ ಕೆಟ್ಟದ್ದನ್ನಷ್ಟೇ ಬದಲಿಸಬಹುದು.

“ಹೊಸದಾದರೆ ಕರೆಂಟ್ ಉಳಿಯುತ್ತಲ್ಲ?” ಲೆಕ್ಕ ಹಾಕೋಣ. ಹಳೆಯದು 80 ವಾಟ್, ಹೊಸದು 40 ವಾಟ್, ದಿನಕ್ಕೆ 4 ಗಂಟೆ ಬಳಕೆ ಎಂದುಕೊಳ್ಳಿ. ಎರಡು ತಿಂಗಳಿಗೆ ಉಳಿತಾಯ 40 × 4 × 60 = 9600 ವಾಟ್-ಗಂಟೆ, ಅಂದರೆ 9.6 ಯೂನಿಟ್. ಇಷ್ಟಕ್ಕಾಗಿಯೇ ಹೊಸದು ಕೊಳ್ಳಬೇಕಿಲ್ಲ.

ಎಲ್ಲಕ್ಕಿಂತ ಮೊದಲು

ರಿಪೇರಿಯಾಗಲಿ ಹೊಸದಾಗಲಿ, ಮೊದಲು ಅಜ್ಜಿಯ ಹಾಡುಗಳನ್ನು ಎರಡು ಕಡೆ ನಕಲು ಮಾಡಿ. ಡಿಸ್ಕ್ ಹೇಳಿ ಕೇಳಿ ಕೆಡೋದಿಲ್ಲ. ಹಾಡುಗಳನ್ನು ನುಡಿಯ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡ್‌ಗೆ ಪರಿವರ್ತಿಸಿ. ಹಳೆಯ ವಿಧಾನದಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರ ಕೂರಿಸುತ್ತಿದ್ದರು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಹಾಡು ಅರ್ಥವಿಲ್ಲದ ಗೀಚಾಗಿ ಕಾಣುತ್ತೆ.

ತೆಗೆದ ಡಿಸ್ಕ್, ಬ್ಯಾಟರಿಗಳನ್ನು ಕಸದ ಜೊತೆ ಸುಡಬೇಡಿ, ಹೊಲದ ಬದುವಿಗೆ ಎಸೆಯಬೇಡಿ. ಇ-ತ್ಯಾಜ್ಯ ಪಡೆಯುವ ಅಧಿಕೃತರಿಗೇ ಕೊಡಿ.

ಹಾಗಾದರೆ ನಮ್ಮ ಮನೆಯ ತೀರ್ಮಾನ? ಪರದೆ ಚೆನ್ನಾಗಿದೆ, ಡಿಸ್ಕ್ ನಿಧಾನ. ಎಸ್‌ಎಸ್‌ಡಿ, ಗುಂಡಿ ಬ್ಯಾಟರಿ, ಲಿನಕ್ಸ್. ಈ ಸಲ ಅಪ್ಪ ಗೆದ್ದರು. ಬೋರ್ಡ್ ಕೆಟ್ಟ ದಿನ ಮಗಳು ಗೆಲ್ಲುತ್ತಾಳೆ.

ಮಾಡಿ ನೋಡಿ: ನಿಮ್ಮ ಶಾಲೆಯ ಅಥವಾ ಮನೆಯ ಕಂಪ್ಯೂಟರ್ ಆನ್ ಆಗಲು ಎಷ್ಟು ಸೆಕೆಂಡ್ ಬೇಕು? ಮೂರು ದಿನ ಅಳೆದು ಸರಾಸರಿ ತೆಗೆಯಿರಿ. ಡಿಸ್ಕ್, ಮೆಮೊರಿಯ ಅಂಕಿಗಳನ್ನೂ ಬರೆದುಕೊಳ್ಳಿ. ಆಮೇಲೆ ಹೇಳಿ: ರಿಪೇರಿಯೋ, ಹೊಸದೋ?