ಹಾಲಿವುಡ್‌ನ ಕೆಮಿಸ್ಟ್ರಿ ಟೀಚರ್

ಹಡಗು ಒಡೆದು ಸಮುದ್ರದ ಪಾಲಾಗಿದ್ದ ಅಪೊಸ್ತಲ ಪೌಲ ಬದುಕಿ ದಡ ಸೇರಿದ್ದು ಹೇಗೆ? ಕ್ಯಾರೆಟ್ ತಿಂದು ಗಟ್ಟಿಮುಟ್ಟಾಗಿದ್ದನಂತೆ, ಅದಕ್ಕೆ! 1928ರಲ್ಲಿ ಲಾಸ್ ಏಂಜಲೀಸ್‌ಗೆ ಬಂದ ಹೆನ್ರಿಯೆಟ್ಟಾ ಮಿಯರ್ಸ್ ಕೈಗೆ ಸಿಕ್ಕ ಸಂಡೇ ಸ್ಕೂಲ್ ಪಾಠವೊಂದರಲ್ಲಿ ಹೀಗೆ ಬರೆದಿತ್ತೆಂದು ಅವರ ಜೀವನಚರಿತ್ರೆಕಾರರು ಹೇಳುತ್ತಾರೆ. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ರಸಾಯನಶಾಸ್ತ್ರ ಕಲಿಸಿ ಬಂದಿದ್ದ ಹೆಂಗಸು. ಹಾಲಿವುಡ್‌ನ ಫಸ್ಟ್ ಪ್ರೆಸ್ಬಿಟೇರಿಯನ್ ಚರ್ಚಿನ ಮಕ್ಕಳ ಮತ್ತು ಯುವಜನರ ಶಿಕ್ಷಣವನ್ನು ಆಗಷ್ಟೇ ವಹಿಸಿಕೊಂಡಿದ್ದರು. ಶಾಲೆಯಲ್ಲಾಗಿದ್ದರೆ ಇಂಥ ಪುಸ್ತಕವನ್ನು ಯಾವ ಮುಖ್ಯೋಪಾಧ್ಯಾಯರೂ ತರಗತಿಯೊಳಗೆ ಬಿಡುತ್ತಿರಲಿಲ್ಲ. ದೇವರ ವಿಷಯ ಎಂದಕೂಡಲೇ ಹೇಗಿದ್ದರೂ ನಡೆಯುತ್ತದೆಯೇ ಎಂಬುದು ಅವರ ತಕರಾರು. ಆ ತಕರಾರಿನ ಬೆನ್ನು ಹತ್ತಿ ಅವರು ಮುಂದಿನ ಮೂವತ್ತೈದು ವರ್ಷ ದುಡಿದರು.

ಸಂಡೇ ಸ್ಕೂಲ್ ಹುಟ್ಟಿದ್ದು ನಿಜವಾದ ಶಾಲೆಯಾಗಿಯೇ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕೆಯ ಒಡೆಯ, ವಾರವಿಡೀ ದುಡಿಯುತ್ತಿದ್ದ ಬಡ ಮಕ್ಕಳಿಗೆ ರಜೆಯ ಭಾನುವಾರ ಓದು ಕಲಿಸುವ ವ್ಯವಸ್ಥೆ ಮಾಡಿದ. ಸತ್ಯವೇದವೇ ಪಠ್ಯ. ಸರ್ಕಾರಿ ಶಾಲೆಗಳು ಬಂದಮೇಲೆ ಅಕ್ಷರಾಭ್ಯಾಸ ಅಲ್ಲಿಗೆ ಹೋಯಿತು, ಧರ್ಮಪಾಠ ಮಾತ್ರ ಇಲ್ಲಿ ಉಳಿಯಿತು. ನಮ್ಮಲ್ಲೂ ಇದಕ್ಕೆ ಹಳೆಯ ಬೇರಿದೆ: ಇಂಡಿಯಾ ಸಂಡೇ ಸ್ಕೂಲ್ ಯೂನಿಯನ್ ಸ್ಥಾಪನೆಯಾದದ್ದು 1876ರಲ್ಲಿ. ಮಂಗಳೂರು, ಧಾರವಾಡ, ಬೆಂಗಳೂರುಗಳ ಪ್ರಾಟೆಸ್ಟೆಂಟ್ ಮನೆಗಳಲ್ಲಿ ಬೆಳೆದವರಿಗೆ ಭಾನುವಾರದ ಬೆಳಗಿನ ಆ ಬೆಂಚು, ಬೇಸಿಗೆ ರಜೆಯ ವಿಬಿಎಸ್ (ವೆಕೇಶನ್ ಬೈಬಲ್ ಸ್ಕೂಲ್) ಎರಡೂ ಚೆನ್ನಾಗಿ ಗೊತ್ತು. ಪಾಠ ಹೇಳುವ ಅಕ್ಕ ಅಥವಾ ಅಣ್ಣ ಹಿಂದಿನ ರಾತ್ರಿ ಪುಸ್ತಕ ತೆರೆದಿದ್ದಾರೋ ಇಲ್ಲವೋ ಎಂಬುದು ಮಕ್ಕಳಿಗೆ ಎರಡೇ ನಿಮಿಷದಲ್ಲಿ ತಿಳಿದುಬಿಡುತ್ತದೆ ಎಂಬುದೂ ಅವರಿಗೆ ಗೊತ್ತು.

ಮಿಯರ್ಸ್ ಹುಟ್ಟಿದ್ದು 1890ರಲ್ಲಿ, ನಾರ್ತ್ ಡಕೋಟಾದ ಫಾರ್ಗೋ ಊರಿನಲ್ಲಿ. ಏಳು ಮಕ್ಕಳಲ್ಲಿ ಕೊನೆಯವರು. ತಂದೆ ಬ್ಯಾಂಕ್ ವ್ಯವಹಾರಸ್ಥ; 1893ರ ಆರ್ಥಿಕ ಕುಸಿತದಲ್ಲಿ ಕೈ ಸುಟ್ಟುಕೊಂಡರು. ಕುಟುಂಬ ಮಿನಿಯಾಪೊಲಿಸ್‌ಗೆ ಬಂತು. ಹುಡುಗಿಯ ಕಣ್ಣು ಬಾಲ್ಯದಿಂದಲೇ ಮಂಜು, ದಪ್ಪ ಗಾಜಿನ ಕನ್ನಡಕ. ಹೀಗೇ ಓದುತ್ತಿದ್ದರೆ ಮೂವತ್ತಕ್ಕೆಲ್ಲ ದೃಷ್ಟಿ ಹೋಗಬಹುದೆಂದು ವೈದ್ಯರು ಎಚ್ಚರಿಸಿದ್ದರು. ಹೋಗುವುದಾದರೆ ಅಷ್ಟರೊಳಗೆ ಓದಿ ಮುಗಿಸೋಣ ಎನ್ನುವ ಜಾತಿ ಅವರದು. ತರಗತಿಯಲ್ಲಿ ಕಿವಿಗೊಟ್ಟು ಕೇಳುವುದು, ಕೇಳಿದ್ದನ್ನು ಹಾಗೇ ನೆನಪಿಟ್ಟುಕೊಳ್ಳುವುದು ಅಭ್ಯಾಸವಾಯಿತು. 1913ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ಬಿಯರ್ಡ್ಸ್‌ಲಿ ಎಂಬ ಪುಟ್ಟ ಊರಿನ ಹೈಸ್ಕೂಲಿಗೆ ಟೀಚರಾಗಿ ಹೋದರು. ಹುಡುಗರ ಮನಸ್ಸು ಫುಟ್‌ಬಾಲಿನಲ್ಲಿದೆ ಎಂದು ಕಂಡು ಆ ಆಟದ ಒಳಹೊರಗನ್ನೂ ಕಲಿತರಂತೆ. ಕಣ್ಣು ಕೊನೆಯವರೆಗೂ ತೊಂದರೆ ಕೊಟ್ಟಿತು, ಆದರೆ ಪೂರ್ತಿ ಕೈಕೊಡಲಿಲ್ಲ.

ಮುಂದೆ ಮಿನಿಯಾಪೊಲಿಸ್‌ನ ಸೆಂಟ್ರಲ್ ಹೈಸ್ಕೂಲಿನಲ್ಲಿ ಕೆಲಸ. ವಾರದ ದಿನಗಳಲ್ಲಿ ಕೆಮಿಸ್ಟ್ರಿ, ಭಾನುವಾರ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಹದಿನೆಂಟರ ಆಸುಪಾಸಿನ ಹುಡುಗಿಯರ ತರಗತಿ. ‘ಫಿಡೆಲಿಸ್’ ಎಂಬ ಹೆಸರಿನ ಆ ತರಗತಿ ಬೆರಳೆಣಿಕೆಯ ಹುಡುಗಿಯರಿಂದ ಶುರುವಾಗಿ ಹತ್ತೇ ವರ್ಷದಲ್ಲಿ ಐನೂರರ ಹತ್ತಿರ ಬಂತು. ಇನ್ನೊಂದು ಕುತೂಹಲದ ಸಂಗತಿ: ಆ ಚರ್ಚಿನ ಸಭಾಪಾಲಕ ಡಬ್ಲ್ಯು. ಬಿ. ರೈಲಿ, ಶಾಲೆಗಳಲ್ಲಿ ವಿಕಾಸವಾದ ಕಲಿಸುವುದರ ವಿರುದ್ಧ ದೇಶವೆಲ್ಲ ತಿರುಗಿದ ಮನುಷ್ಯ. ಅವರ ಸಭೆಯಲ್ಲೇ ಒಬ್ಬ ವಿಜ್ಞಾನದ ಟೀಚರ್ ಬೆಳೆದರು. ಮಿಯರ್ಸ್ ವಾದಕ್ಕೆ ಇಳಿದವರಲ್ಲ. ರೈಲಿಯ ಆವೇಶ ಅವರಿಗೆ ಅಂಟಲಿಲ್ಲ, ಪಠ್ಯವನ್ನು ಅಕ್ಷರ ಬಿಡದೆ ಓದುವ ಹಟ ಅಂಟಿತು. ನನ್ನ ಎಣಿಕೆಯಲ್ಲಿ ಎರಡರಲ್ಲಿ ಒಳ್ಳೆಯದನ್ನೇ ಆರಿಸಿಕೊಂಡರು.

ಹಾಲಿವುಡ್‌ಗೆ ಕರೆದವರು ಅಲ್ಲಿನ ಸಭಾಪಾಲಕ ಸ್ಟೂವರ್ಟ್ ಮೆಕ್ಲೆನನ್. ಖಾಯಂ ನೌಕರಿ, ಸ್ವಂತ ಊರು, ಕೈಯಾರೆ ಕಟ್ಟಿದ ತರಗತಿ ಎಲ್ಲವನ್ನೂ ಬಿಟ್ಟು ಮಿಯರ್ಸ್ ಅಕ್ಕ ಮಾರ್ಗರೆಟ್ ಜೊತೆ ಕ್ಯಾಲಿಫೋರ್ನಿಯಾಗೆ ಹೊರಟರು. ಮದುವೆಯಾಗಲಿಲ್ಲ, ಮನೆಯ ಆಡಳಿತವೆಲ್ಲ ಅಕ್ಕನದೇ. ಸುಮಾರು 450 ಜನರಿದ್ದ ಸಂಡೇ ಸ್ಕೂಲ್ ಎರಡೂವರೆ ವರ್ಷದಲ್ಲಿ 4,000 ದಾಟಿತೆಂದು ಎಲ್ಲ ಕಡೆ ಬರೆದಿದೆ. ಚರ್ಚುಗಳ ಹಾಜರಿ ಲೆಕ್ಕವನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದುವವನು. 1920ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಜನಸಂಖ್ಯೆಯೇ 5.77 ಲಕ್ಷದಿಂದ 12.38 ಲಕ್ಷಕ್ಕೆ ಏರಿತ್ತು. ಕೆಲಸ ಹುಡುಕಿ ಬಂದ, ಗುರುತು ಪರಿಚಯವಿಲ್ಲದ ಸಾವಿರಾರು ಕುಟುಂಬಗಳು ಸೇರಿಕೊಳ್ಳಲೊಂದು ಜಾಗ ಅರಸುತ್ತಿದ್ದವು. ಆದರೆ ಆ ಜನ ಊರಿನ ಎಲ್ಲ ಚರ್ಚುಗಳ ಮುಂದೆಯೂ ಹಾಯುತ್ತಿದ್ದರಷ್ಟೆ. ಇಲ್ಲಿ ಒಳಗೆ ಬಂದವರು ಮತ್ತೆ ಬಂದರು. ಅದಕ್ಕೆ ಕಾರಣ ತರಗತಿಯೊಳಗಿತ್ತು.

ಅಮೆರಿಕದ ಸಂಡೇ ಸ್ಕೂಲುಗಳಲ್ಲಿ 1872ರಿಂದ ‘ಯೂನಿಫಾರ್ಮ್ ಲೆಸನ್’ ಎಂಬ ಪದ್ಧತಿ ಇತ್ತು. ಆರು ವರ್ಷದ ಮಗುವಿಗೂ ಅರವತ್ತರ ಅಜ್ಜನಿಗೂ ಆ ಭಾನುವಾರ ಸತ್ಯವೇದದ ಒಂದೇ ಭಾಗ. ವಯಸ್ಸಿಗೆ ತಕ್ಕ ಪಾಠಗಳು ಆಮೇಲೆ ಬಂದಿದ್ದವು ನಿಜ, ಅವುಗಳಲ್ಲಿ ಕ್ಯಾರೆಟ್ಟಿನ ಮಟ್ಟದವೂ ಇದ್ದವು. ಆಮ್ಲ, ಕ್ಷಾರ ಏನೆಂದು ತಿಳಿಯದ ಹುಡುಗನಿಗೆ ಲವಣ ಕಲಿಸಲಾಗದು ಎಂದು ಬಲ್ಲ ಟೀಚರಿಗೆ ಇದು ಒಪ್ಪಿಗೆಯಾಗಲಿಲ್ಲ. ಸತ್ಯವೇದಕ್ಕೂ ಒಂದನೇ ತರಗತಿ, ಎರಡನೇ ತರಗತಿ ಎಂಬ ಮೆಟ್ಟಿಲು ಬೇಕು, ವರ್ಷದ ಕೊನೆಗೆ ಮಗು ಎಲ್ಲಿ ಮುಟ್ಟಿರಬೇಕು ಎಂಬುದು ವರ್ಷದ ಮೊದಲೇ ಗೊತ್ತಿರಬೇಕು ಎಂದರು. ತಕ್ಕ ಪುಸ್ತಕ ಸಿಗದಿದ್ದಾಗ ತಾವೇ ಬರೆಯಲು ಕೂತರು. ಜೊತೆಗೆ ಎಸ್ತರ್ ಎಲಿಂಗ್‌ಹ್ಯೂಸನ್ ಎಂಬ ಇನ್ನೊಬ್ಬ ಶಾಲಾ ಶಿಕ್ಷಕಿ. ವಾರವಾರವೂ ಬರೆದದ್ದನ್ನು ಸೈಕ್ಲೋಸ್ಟೈಲ್ ಮಾಡಿ ತರಗತಿಗಳಿಗೆ ಹಂಚುವುದು. ಸುದ್ದಿ ಹರಡಿ ಬೇರೆ ಚರ್ಚುಗಳವರೂ ಕೇಳಿಕೊಂಡು ಬಂದರು. 1933ರಲ್ಲಿ, ಮಹಾ ಆರ್ಥಿಕ ಮುಗ್ಗಟ್ಟು ತೀವ್ರವಾಗಿದ್ದ ಹೊತ್ತಿನಲ್ಲಿ, ಅವನ್ನು ಅಚ್ಚು ಹಾಕಿಸಲು ಗಾಸ್ಪೆಲ್ ಲೈಟ್ ಪ್ರಕಾಶನ ಶುರುವಾಯಿತು. 1961ರಲ್ಲಿ ಈ ಸಾಹಿತ್ಯವನ್ನು ಬೇರೆ ದೇಶಗಳ ಭಾಷೆಗಳಿಗೆ ಒಯ್ಯಲು ‘ಗ್ಲಿಂಟ್’ ಎಂಬ ಸಂಸ್ಥೆಯನ್ನೂ ಕಟ್ಟಿದರು.

ಕಾಲೇಜು ವಯಸ್ಸಿನವರ ತರಗತಿಯನ್ನು ಮಾತ್ರ ಅವರು ಯಾರಿಗೂ ಬಿಟ್ಟುಕೊಡಲಿಲ್ಲ. ಭಕ್ತಿಗೆ ಬಿಳಿ ಉಡುಪು, ತಗ್ಗಿದ ದನಿ ಬೇಕೆಂದು ನಂಬಿದವರಿಗೆ ಮಿಯರ್ಸ್ ಕಂಡರೆ ಗಾಬರಿಯಾಗುತ್ತಿತ್ತೇನೋ: ಕೆಂಪು ಉಡುಪು, ದೊಡ್ಡ ಉಂಗುರಗಳು, ಒಂದಕ್ಕಿಂತ ಒಂದು ಚಿತ್ರವಿಚಿತ್ರವಾದ ಟೋಪಿಗಳು, ಇಡೀ ಸಭಾಂಗಣಕ್ಕೆ ಕೇಳುವ ದನಿ. ಹುಡುಗರೆಲ್ಲ ಕರೆಯುತ್ತಿದ್ದುದು ‘ಟೀಚರ್’ ಎಂದೇ. ನೂರಾರು ಜನರ ಹೆಸರು, ಅವರವರ ಪರೀಕ್ಷೆ, ಮನೆಯ ಕಷ್ಟ, ಪ್ರೀತಿಪ್ರೇಮದ ಪೇಚಾಟ ಎಲ್ಲ ಅವರ ತಲೆಯಲ್ಲಿ. ಹುಷಾರಿರುವ ಹುಡುಗನನ್ನು ಕಂಡರೆ ಕೆಲಸ ಹೊರಿಸಿಬಿಡುತ್ತಿದ್ದರು.

ಅವರಿಗೆ ನಗರದ ಗದ್ದಲದಿಂದ ದೂರ, ಎಳೆಯರನ್ನು ಕೆಲವು ದಿನ ಒಟ್ಟಿಗೆ ಇರಿಸಿಕೊಳ್ಳುವ ಜಾಗ ಬೇಕಿತ್ತು. ಸ್ಯಾನ್ ಬರ್ನಾರ್ಡಿನೊ ಬೆಟ್ಟಗಳಲ್ಲಿ ಫಾರೆಸ್ಟ್ ಹೋಮ್ ಎಂಬ ವಿಶ್ರಾಂತಿ ತಾಣ ಮಾರಾಟಕ್ಕಿತ್ತು. ಮೊದಲು ಕೇಳಿದ ಬೆಲೆ ಕೈಗೆ ಎಟುಕುವಂತಿರಲಿಲ್ಲ. 1938ರಲ್ಲಿ ಅದು 30,000 ಡಾಲರಿಗೆ ಸಿಕ್ಕಿತು. 1949ರ ಬೇಸಿಗೆಯಲ್ಲಿ ಅಲ್ಲಿಗೆ ಬಂದ ಭಾಷಣಕಾರರಲ್ಲಿ ಮೂವತ್ತರ ಸುವಾರ್ತಾ ಪ್ರಚಾರಕ ಬಿಲ್ಲಿ ಗ್ರಹಾಂ ಒಬ್ಬರು. ಗೆಳೆಯ ಚಾರ್ಲ್ಸ್ ಟೆಂಪಲ್ಟನ್ ಎತ್ತಿದ ಪ್ರಶ್ನೆಗಳಿಂದ ಗ್ರಹಾಂ ಮನಸ್ಸು ಕಲಕಿತ್ತು, ಸತ್ಯವೇದವನ್ನು ಎಷ್ಟು ನಂಬಬಹುದು ಎಂಬ ಗೊಂದಲ. ಮಿಯರ್ಸ್ ಜೊತೆ ಮಾತಾಡಿದರು, ಕಾಡಿನಲ್ಲಿ ಒಬ್ಬರೇ ಕೂತು ಪ್ರಾರ್ಥಿಸಿದರು, ಗೊಂದಲ ಬಿಟ್ಟು ಬೆಟ್ಟ ಇಳಿದರು. ಮುಂದಿನ ತಿಂಗಳೇ ಲಾಸ್ ಏಂಜಲೀಸ್‌ನಲ್ಲಿ ಡೇರೆ ಹಾಕಿ ಶುರುಮಾಡಿದ ಸಭೆಗಳು ಎಂಟು ವಾರ ನಡೆದು ಗ್ರಹಾಂ ಅವರನ್ನು ದೇಶಪ್ರಸಿದ್ಧರನ್ನಾಗಿ ಮಾಡಿದವು. ಮಿಠಾಯಿ ವ್ಯಾಪಾರ ಮಾಡುತ್ತಿದ್ದ ಬಿಲ್ ಬ್ರೈಟ್ ಎಂಬ ಯುವಕನೂ ಮಿಯರ್ಸ್ ಗರಡಿಯವನೇ. 1951ರಲ್ಲಿ ಆತ ಆರಂಭಿಸಿದ ಕ್ಯಾಂಪಸ್ ಕ್ರುಸೇಡ್ ಎಂಬ ವಿದ್ಯಾರ್ಥಿಗಳ ಸುವಾರ್ತಾ ಸಂಸ್ಥೆ ಭಾರತದ ಕಾಲೇಜುಗಳಿಗೂ ಬಂತು. ಬ್ರೈಟ್ ದಂಪತಿ ಎಷ್ಟೋ ವರ್ಷ ಇದ್ದದ್ದು ಟೀಚರ್ ಮನೆಯಲ್ಲೇ.

ಈ ಶಿಷ್ಯರು ಕಟ್ಟಿದ ಭಾರಿ ಸಂಸ್ಥೆಗಳ ಬಗ್ಗೆ, ಅವರ ಪ್ರಚಾರದ ಅಬ್ಬರ ಮತ್ತು ರಾಜಕೀಯದ ನಂಟಿನ ಬಗ್ಗೆ ತಕರಾರು ಇರುವವರು ಬಹಳ, ನನಗೂ ಇದೆ. ಆ ಲೆಕ್ಕವನ್ನೆಲ್ಲ ಟೀಚರ್ ಖಾತೆಗೆ ಬರೆಯುವುದು ಸರಿಯಲ್ಲ. ಡೇರೆಯ ಸಭೆಗೆ ಜನ ಒಂದು ಸಂಜೆ ಬಂದು ಹೋಗುತ್ತಾರೆ. ಟೀಚರ್ ಮಾಡಿದ್ದು ಅದರ ಉಲ್ಟಾ ಕೆಲಸ: ಅದೇ ಹುಡುಗರನ್ನು ವಾರವಾರ, ವರ್ಷವರ್ಷ ಕಾದು ಕಲಿಸುವುದು.

ಅವರ ತರಗತಿಯಿಂದ ನಾನೂರಕ್ಕೂ ಹೆಚ್ಚು ಯುವಕರು ಸಭಾಸೇವೆಗೆ ಹೋದರೆಂದು ಹೇಳುತ್ತಾರೆ. ಆ ಹುಡುಗರು ಏರಿದ ಪ್ರಸಂಗಪೀಠ ಕಲಿಸಿದವರಿಗೆ ತೆರೆದಿರಲಿಲ್ಲ. ಅವರ ಪ್ರೆಸ್ಬಿಟೇರಿಯನ್ ಪಂಗಡ ಮೊದಲ ಬಾರಿಗೆ ಮಹಿಳೆಯೊಬ್ಬರಿಗೆ ಸಭಾಪಾಲಕಿಯ ದೀಕ್ಷೆ ಕೊಟ್ಟದ್ದು 1956ರಲ್ಲಿ, ಆಗ ಮಿಯರ್ಸ್ ವಯಸ್ಸು 66. ತಮಗೂ ಬೇಕೆಂದು ಅವರು ಹೋಗಲಿಲ್ಲ. 1963ರ ಮಾರ್ಚಿನಲ್ಲಿ ನಿದ್ದೆಯಲ್ಲೇ ತೀರಿಕೊಂಡರು. 1953ರಲ್ಲಿ ಅವರು ಬರೆದ ‘ವಾಟ್ ದಿ ಬೈಬಲ್ ಈಸ್ ಆಲ್ ಅಬೌಟ್’ ಇಂದಿಗೂ ಅಚ್ಚಾಗುತ್ತಿದೆ, ಫಾರೆಸ್ಟ್ ಹೋಮ್‌ನಲ್ಲಿ ಇಂದಿಗೂ ಮಕ್ಕಳ ಶಿಬಿರಗಳು ನಡೆಯುತ್ತಿವೆ.